ಹೊಲಸು ಕೂಸನ್ನು ಗಟ್ಟಿ ಮಾಡುವುದೇ?

‘ಮಣ್ಣಿನಲ್ಲಿ ಹೊರಳಾಡಿ, ಸಿಕ್ಕ ನೀರು ಕುಡಿದು ಬೆಳೆದ ಕೂಸೇ ಗಟ್ಟಿ; ಕಾಯಿಸಿ ಆರಿಸಿದ ನೀರು ಕುಡಿದ ಕೂಸು ಗಾಳಿ ಬೀಸಿದರೆ ಮಲಗುತ್ತದೆ’ ಎಂಬ ಮಾತು ಹಳ್ಳಿಯ ಕಟ್ಟೆಯ ಮೇಲೂ ಪಟ್ಟಣದ ಪಡಸಾಲೆಯಲ್ಲೂ ಇಂದಿಗೂ ಕೇಳಿಬರುತ್ತದೆ. ಹೇಳುವವರು ಅಜ್ಞಾನಿಗಳೇನೂ ಅಲ್ಲ. ಅನೇಕ ವೇಳೆ ಅವರು ಹತ್ತು ಮಕ್ಕಳನ್ನು ಹೆತ್ತು ಸಾಕಿದ ಹಿರಿಯರು. ಕಣ್ಣಾರೆ ಕಂಡದ್ದನ್ನೇ ಹೇಳುತ್ತಾರೆ. ಆದರೆ ಹತ್ತರಲ್ಲಿ ಉಳಿದ ಆರೇಳು ಮಕ್ಕಳನ್ನು ತೋರಿಸಿ ಆಡುವ ಮಾತು ಇದು. ತೊಟ್ಟಿಲಲ್ಲಿಯೇ ಕಣ್ಣು ಮುಚ್ಚಿದ ಮೂರು ನಾಲ್ಕು ಕೂಸುಗಳು ಲೆಕ್ಕಕ್ಕೆ ಬರುವುದಿಲ್ಲ. ಅವು ಹೋದದ್ದಕ್ಕೆ ಕಾರಣವಾಗಿ ‘ಹಲ್ಲು ಬರುವ ಭೇದಿ’ಯನ್ನೋ, ದೃಷ್ಟಿಯನ್ನೋ ಹೇಳಿ ಮುಗಿಸಿಬಿಡುವುದು ವಾಡಿಕೆ.

ಈ ನಂಬಿಕೆಯಲ್ಲಿ ಅರ್ಧ ಸತ್ಯವಿದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಪೂರ್ತಿ ಸುಳ್ಳಾಗಿದ್ದರೆ ಅದು ಇಷ್ಟು ಕಾಲ ಬಾಳುತ್ತಿರಲಿಲ್ಲ. ರೋಗಾಣುವಿನ ಪರಿಚಯವಾಗದೆ ರೋಗನಿರೋಧಕ ಶಕ್ತಿ ಬೆಳೆಯದು ಎಂಬುದು ಶಾಸ್ತ್ರಸಮ್ಮತವಾದ ಮಾತು. ಲಸಿಕೆಯ ತತ್ತ್ವವೂ ಅದೇ. ಆದರೆ ಆ ಪರಿಚಯಕ್ಕೆ ಕೂಸು ತೆರುವ ಬೆಲೆ ಎಷ್ಟು, ಅದರಿಂದ ಕಲಿಯುವ ಪಾಠ ಎಷ್ಟು ಎಂಬ ಪ್ರಶ್ನೆಗೆ ಕಳೆದ ಐವತ್ತು ವರ್ಷಗಳ ಸಂಶೋಧನೆ ಕೊಟ್ಟ ಉತ್ತರ ಈ ಗಾದೆಯಂಥ ಮಾತಿಗೆ ಅನುಕೂಲವಾಗಿಲ್ಲ. ಆ ಸಂಶೋಧನೆಯ ಬಹುಮುಖ್ಯ ಭಾಗ ನಡೆದಿರುವುದು ದೂರ ದೇಶಗಳಲ್ಲಿ ಮಾತ್ರವಲ್ಲ, ವೆಲ್ಲೂರು, ದೆಹಲಿ, ಬೆಂಗಳೂರುಗಳಲ್ಲಿ ಎಂಬುದು ಇಲ್ಲಿನ ವಿದ್ಯಾವಂತರಿಗೂ ಅಷ್ಟಾಗಿ ತಿಳಿದಿಲ್ಲ.

ಕರುಳು ಎಂದೊಡನೆ ಅನ್ನ ಜೀರ್ಣಿಸುವ ಕೊಳವೆ ಎಂಬ ಚಿತ್ರವೇ ಮನಸ್ಸಿಗೆ ಬರುವುದು ಸಹಜ. ವಾಸ್ತವವಾಗಿ ಶರೀರದ ರಕ್ಷಣಾ ಕಾರ್ಯದಲ್ಲಿ ತೊಡಗಿರುವ ಜೀವಕೋಶಗಳಲ್ಲಿ ಬಹು ದೊಡ್ಡ ಪಾಲು ನೆಲೆಸಿರುವುದು ಈ ಕೊಳವೆಯ ಗೋಡೆಯಲ್ಲಿಯೇ. ಇದು ನ್ಯಾಯವೂ ಹೌದು. ಚರ್ಮಕ್ಕಿಂತ ಅನೇಕ ಪಟ್ಟು ವಿಸ್ತಾರವಾದ ಈ ಒಳಮೈ ಪ್ರತಿದಿನ ಹೊರಗಿನ ಪದಾರ್ಥಗಳನ್ನು ಒಳಕ್ಕೆ ಬಿಟ್ಟುಕೊಳ್ಳಬೇಕು. ಅನ್ನವನ್ನು ಬರಮಾಡಿಕೊಂಡು ವಿಷವನ್ನು ತಡೆಯಬೇಕು. ಸಣ್ಣ ಕರುಳಿನ ಒಳಮೈ ಮಖಮಲ್ಲಿನಂತೆ ಬೆರಳಿನಾಕಾರದ ಕುಚ್ಚುಗಳಿಂದ ತುಂಬಿದೆ. ಅಲ್ಲಲ್ಲಿ, ಆ ಕುಚ್ಚುಗಳ ನಡುವೆ, ದುಗ್ಧಕಣಗಳ ಗುಂಪುಗಳಿವೆ. ಸ್ವಿಟ್ಜರ್ಲೆಂಡಿನ ವೈದ್ಯ ಯೋಹಾನ್ ಕೊನ್ರಾಡ್ ಪೇಯರ್ 1677ರಲ್ಲಿಯೇ ಇವನ್ನು ವರ್ಣಿಸಿದನಾದ್ದರಿಂದ ಅವಕ್ಕೆ ಅವನದೇ ಹೆಸರು. ಇವುಗಳ ಮೇಲ್ಪದರದ ವಿಶೇಷ ಕೋಶಗಳು ಕರುಳಿನೊಳಗೆ ಹರಿಯುವ ಪದಾರ್ಥಗಳ ಮಾದರಿಯನ್ನು ಹಿಡಿದು ಒಳಗಿನ ಕಣಗಳಿಗೆ ಒಪ್ಪಿಸುತ್ತವೆ. ‘ಇದು ಅನ್ನ, ಸುಮ್ಮನಿರು’ ಎಂದೋ, ‘ಇದು ಶತ್ರು, ಸಿದ್ಧನಾಗು’ ಎಂದೋ ಅಲ್ಲಿ ತೀರ್ಮಾನವಾಗುತ್ತದೆ. ಶತ್ರುವೆಂದು ತೀರ್ಮಾನವಾದಾಗ ಐಜಿಎ ಎಂಬ ಬಗೆಯ ಪ್ರತಿಕಾಯ ತಯಾರಾಗಿ ಕರುಳಿನೊಳಕ್ಕೆ ಸ್ರವಿಸಿ, ವೈರಸ್ಸು ಗೋಡೆಗೆ ಅಂಟದಂತೆ ಕಾಯುತ್ತದೆ. ಹುಟ್ಟಿದ ಕೂಸಿನಲ್ಲಿ ಈ ಪ್ರತಿಕಾಯ ಇಲ್ಲವೆನ್ನುವಷ್ಟು ಕಡಿಮೆ. ತಾಯಿಯ ಹಾಲೇ ಕೆಲವು ತಿಂಗಳ ಕಾಲ ಅದನ್ನು ಒದಗಿಸಬೇಕು.

ಈ ಮಾತು ಬಂದಾಗ ಒಂದು ವಿಚಿತ್ರವನ್ನು ಸೂಚಿಸದೆ ಮುಂದುವರಿಯುವಂತಿಲ್ಲ. ಆಕಳು ಈದರೆ ಅದರ ಮೊದಲ ಹಾಲನ್ನು ಗಿಣ್ಣವೆಂದು ಬೆಲ್ಲ, ಏಲಕ್ಕಿ ಹಾಕಿ ಕಾಯಿಸಿ ನೆರೆಮನೆಗೂ ಹಂಚಿ ತಿನ್ನುವ ನಾಡಿನಲ್ಲಿಯೇ, ಬಾಣಂತಿಯ ಮೊದಲ ಹಳದಿ ಹಾಲನ್ನು ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲುವ ಪದ್ಧತಿ ಬಹುಕಾಲ ನಡೆದುಬಂತು. ಅದರ ಬದಲು ಸಕ್ಕರೆ ನೀರು, ಜೇನು, ತೇಯ್ದ ಬಜೆ. ಐಜಿಎ ಅತ್ಯಂತ ಸಾಂದ್ರವಾಗಿರುವುದು ಆ ಹಳದಿ ಹಾಲಿನಲ್ಲಿಯೇ. ಕರುವಿಗೆ ಸಲ್ಲಬೇಕಾದದ್ದನ್ನು ಮನೆಯವರು ತಿಂದು, ಕೂಸಿಗೆ ಸಲ್ಲಬೇಕಾದದ್ದನ್ನು ನೆಲಕ್ಕೆ ಚೆಲ್ಲಿದಂತಾಯಿತು.

ಕರುಳಿನ ವೈರಸ್ಸುಗಳಲ್ಲಿ ಎಳೆಯ ಮಕ್ಕಳ ಮಟ್ಟಿಗೆ ಪ್ರಧಾನವಾದದ್ದು ರೋಟಾವೈರಸ್. 1973ರಲ್ಲಿ ಆಸ್ಟ್ರೇಲಿಯದ ಮೆಲ್ಬೋರ್ನಿನಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ವಾಂತಿಭೇದಿಯಿಂದ ನರಳುತ್ತಿದ್ದ ಮಕ್ಕಳ ಸಣ್ಣ ಕರುಳಿನ ಚೂರನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟು ಇದನ್ನು ಕಂಡರು. ಬಂಡಿಯ ಗಾಲಿಯಂತೆ ಕಾಣುವುದರಿಂದ ಲ್ಯಾಟಿನಿನ ‘ಗಾಲಿ’ ಎಂಬ ಶಬ್ದವೇ ಹೆಸರಾಯಿತು. ಲಸಿಕೆ ಬರುವ ಮುನ್ನ ಭಾರತವೊಂದರಲ್ಲಿಯೇ ಐದು ವರ್ಷದೊಳಗಿನ ಸುಮಾರು 78 ಸಾವಿರ ಮಕ್ಕಳು ವರ್ಷವೊಂದಕ್ಕೆ ಇದರಿಂದ ಸಾಯುತ್ತಿದ್ದರೆಂದು ಅಂದಾಜು ಮಾಡಲಾಗಿದೆ. ಆರು ತಿಂಗಳಿನಿಂದ ಒಂದೂವರೆ ಎರಡು ವರ್ಷದವರೆಗಿನ ವಯಸ್ಸೇ ಇದರ ಮುಖ್ಯ ಹೊಲ. ಹಲ್ಲು ಹುಟ್ಟುವ ಕಾಲವೂ ಅದೇ ಆದುದರಿಂದ ವೈರಸ್ಸಿನ ಅಪರಾಧ ಹಲ್ಲಿನ ತಲೆಗೆ ಬಂತು.

ವೈರಸ್ಸು ಕುಚ್ಚುಗಳ ತುದಿಯ ಕೋಶಗಳನ್ನು ಹೊಕ್ಕು ಹಾಳುಮಾಡುತ್ತದೆ. ಹಾಲಿನ ಸಕ್ಕರೆಯನ್ನು ಅರಗಿಸುವ ರಸ ತಯಾರಾಗುವುದು ಆ ತುದಿಯಲ್ಲಿಯೇ. ವೈರಸ್ಸು ತಯಾರಿಸುವ ಒಂದು ಸಸಾರಜನಕವೇ ವಿಷದಂತೆ ವರ್ತಿಸಿ ನೀರು, ಲವಣಗಳನ್ನು ಹೊರಗೆ ಸುರಿಸುತ್ತದೆ ಎಂಬುದು 1996ರಲ್ಲಿ ಬೆಳಕಿಗೆ ಬಂತು. ಆರೋಗ್ಯವಾದ ಕೂಸಿನಲ್ಲಿ ತಳದಿಂದ ಹೊಸ ಕೋಶಗಳು ಮೂರು ಐದು ದಿನಗಳಲ್ಲಿ ಮೇಲೇರಿ ಬಂದು ಗಾಯ ಮಾಯುತ್ತದೆ. ಒಂದಷ್ಟು ನೆನಪೂ ಪ್ರತಿಕಾಯವೂ ಉಳಿಯುತ್ತವೆ. ಇಷ್ಟರಮಟ್ಟಿಗೆ ಹಿರಿಯರ ಮಾತು ನಿಜ.

ಎಷ್ಟು ಸಲದ ಸೋಂಕಿಗೆ ಎಷ್ಟು ರಕ್ಷಣೆ ಎಂಬುದನ್ನು ಅಳೆಯಲು ಮೆಕ್ಸಿಕೊ ನಗರದಲ್ಲಿ 200 ಕೂಸುಗಳನ್ನು ಹುಟ್ಟಿನಿಂದ ಎರಡು ವರ್ಷ ಬೆನ್ನುಹತ್ತಿ ನೋಡಲಾಯಿತು. 1996ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಎರಡು ಸಲ ಸೋಂಕು ತಗುಲಿದ ಒಂದು ಕೂಸಿಗೂ ಆಮೇಲೆ ಉಗ್ರ ಭೇದಿ ಬರಲಿಲ್ಲ. ಎರಡು ಪಾಠಕ್ಕೆ ವಿದ್ಯೆ ಬಂತು ಎನ್ನೋಣ. ಲೋಕವೆಲ್ಲ ಇದನ್ನೇ ಅಳತೆಗೋಲಾಗಿ ಹಿಡಿಯಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಗಗನ್‌ದೀಪ್ ಕಾಂಗ್ ಮತ್ತು ಅವರ ಸಹೋದ್ಯೋಗಿಗಳು ಅದೇ ಅಳತೆಗೋಲನ್ನು ಆ ಊರಿನ ಕೊಳೆಗೇರಿಗಳ 373 ಕೂಸುಗಳಿಗೆ ಹಿಡಿದು ಮೂರು ವರ್ಷ ನೋಡಿದಾಗ ಚಿತ್ರ ಬೇರೆಯಾಯಿತು. ಅರ್ಧಕ್ಕಿಂತ ಹೆಚ್ಚು ಕೂಸುಗಳಿಗೆ ಆರು ತಿಂಗಳು ತುಂಬುವುದರೊಳಗೇ ಸೋಂಕು ತಗುಲಿತ್ತು. ಮತ್ತೆ ಮತ್ತೆ ತಗುಲಿತು. ಮೂರು ಸಲ ಸೋಂಕಾದ ಮೇಲೆಯೂ ಉಗ್ರ ರೋಗದಿಂದ ದೊರೆತ ರಕ್ಷಣೆ ನೂರಕ್ಕೆ 79 ಮಾತ್ರ. 2011ರಲ್ಲಿ ಪ್ರಕಟವಾದ ಈ ಫಲಿತಾಂಶ, ಹೊಲಸು ಗಟ್ಟಿ ಮಾಡುತ್ತದೆ ಎಂಬ ನಂಬಿಕೆಯನ್ನು ಅದರ ಸ್ವಂತ ನೆಲದಲ್ಲಿಯೇ ಪರೀಕ್ಷಿಸಿದಂತಾಯಿತು. ಹೊಲಸು ಹೆಚ್ಚಾದಲ್ಲಿ ಪಾಠಗಳು ಹೆಚ್ಚಾದವು, ವಿದ್ಯೆ ಕಡಿಮೆಯಾಯಿತು.

ಪಾಠದ ಗುಣವೂ ಒಂದೇ ಸಮನಲ್ಲ. 1980ರ ದಶಕದಲ್ಲಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಹೆರಿಗೆ ವಾರ್ಡಿನಲ್ಲಿ ಎಂ. ಕೆ. ಭಾನ್ ಮತ್ತು ಸಂಗಡಿಗರು ಒಂದು ವಿಶೇಷವನ್ನು ಗಮನಿಸಿದರು. ಹಸುಗೂಸುಗಳ ಮಲದಲ್ಲಿ ರೋಟಾವೈರಸ್ ಇದೆ, ಆದರೆ ಕೂಸುಗಳಿಗೆ ಭೇದಿಯಿಲ್ಲ. ಅವುಗಳನ್ನು ಮುಂದೆಯೂ ಗಮನಿಸುತ್ತ ಹೋದಾಗ ಇತರ ಕೂಸುಗಳಿಗಿಂತ ಅವುಗಳಲ್ಲಿ ರೋಟಾ ಭೇದಿ ಸುಮಾರು ಅರ್ಧದಷ್ಟು ಕಡಿಮೆಯಾಗಿತ್ತು. ಆ ವೈರಸ್ಸಿಗೆ 116 ಇ ಎಂದು ಹೆಸರಾಯಿತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಬೆಂಗಳೂರಿನ ಹಸುಗೂಸುಗಳಲ್ಲಿಯೂ ಭೇದಿ ತರದ ಇನ್ನೊಂದು ರೋಟಾವೈರಸ್ ದೊರೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ದುರ್ಗಾ ರಾವ್ ಮತ್ತು ಅವರ ತಂಡ ಅದನ್ನು ಐ 321 ಎಂದು ಕರೆದು ಪರೀಕ್ಷಿಸಿದಾಗ, ಅದರ ಹನ್ನೊಂದು ವಂಶವಾಹಿ ತುಣುಕುಗಳಲ್ಲಿ ಒಂಬತ್ತು ದನಕರುಗಳ ವೈರಸ್ಸಿಗೆ ಸೇರಿದವು, ಎರಡು ಮಾತ್ರ ಮನುಷ್ಯರ ವೈರಸ್ಸಿಗೆ ಸೇರಿದವು ಎಂದು ಕಂಡುಬಂತು. ಕೊಟ್ಟಿಗೆಗೂ ತೊಟ್ಟಿಲಿಗೂ ಈ ನಾಡಿನಲ್ಲಿರುವ ಹತ್ತಿರದ ನಂಟಿಗೆ ಇದಕ್ಕಿಂತ ಸೂಕ್ಷ್ಮವಾದ ಸಾಕ್ಷಿ ಬೇಕಿಲ್ಲ. ಎರಡನ್ನೂ ಲಸಿಕೆಯಾಗಿ ಪರೀಕ್ಷಿಸಲಾಯಿತು. ದೆಹಲಿಯದು ಚೆನ್ನಾಗಿ ಪ್ರತಿಕಾಯಗಳನ್ನು ಎಬ್ಬಿಸಿತು. ಬೆಂಗಳೂರಿನದು ಅಷ್ಟಾಗಿ ಎಬ್ಬಿಸಲಿಲ್ಲ. ಅದೇ ಜಾತಿಗೆ ಸೇರಿದ ವೈರಸ್ಸು ವೆಲ್ಲೂರಿನ ಹಸುಗೂಸುಗಳಿಗೆ ತಗುಲಿದಾಗ ಮುಂದಿನ ಸೋಂಕಿನಿಂದ ಅವಕ್ಕೆ ಯಾವ ರಕ್ಷಣೆಯೂ ದೊರೆಯಲಿಲ್ಲವೆಂದು 2007ರಲ್ಲಿ ವರದಿಯಾಯಿತು. ಅಂದರೆ ‘ಒಮ್ಮೆ ಬಂದು ಹೋದರೆ ಮತ್ತೆ ಬಾರದು’ ಎಂಬುದು ಬಂದದ್ದು ಯಾವುದು ಎಂಬುದರ ಮೇಲೆ ನಿಂತಿದೆ. ಹೊಲಸಿನಿಂದ ಬರುವ ಸೋಂಕಿಗೆ ಪಾಠಪಟ್ಟಿ ಇಲ್ಲ. ಯಾವ ವೈರಸ್ಸು ಯಾವ ದಿನ ಬರುವುದೋ ಬಲ್ಲವರಿಲ್ಲ.

116 ಇ ವೈರಸ್ಸಿನಿಂದ ಹೈದರಾಬಾದಿನ ಭಾರತ್ ಬಯೋಟೆಕ್ ಸಂಸ್ಥೆ ರೋಟಾವ್ಯಾಕ್ ಎಂಬ ಲಸಿಕೆಯನ್ನು ಸಿದ್ಧಪಡಿಸಿತು. ದೆಹಲಿ, ಪುಣೆ, ವೆಲ್ಲೂರುಗಳಲ್ಲಿ 6,799 ಕೂಸುಗಳ ಮೇಲೆ ಪರೀಕ್ಷೆ ನಡೆದು 2014ರಲ್ಲಿ ಅನುಮತಿ ದೊರೆಯಿತು. 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಸೇರಿದ ರೋಟಾ ಲಸಿಕೆ 2019ರ ಹೊತ್ತಿಗೆ ದೇಶದಾದ್ಯಂತ ಹಬ್ಬಿತು. ಈಗ ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಕೂಸಿನ ಬಾಯಿಗೆ ಅದನ್ನು ಹಾಕಲಾಗುತ್ತದೆ. ಸ್ವದೇಶದ ಕೂಸುಗಳಿಂದಲೇ ದೊರೆತ, ಸ್ವದೇಶದಲ್ಲಿಯೇ ತಯಾರಾದ ಲಸಿಕೆ ಎಂಬ ಅಭಿಮಾನ ಸಲ್ಲತಕ್ಕದ್ದೇ. ಆದರೆ ಪರೀಕ್ಷೆಯಲ್ಲಿ ಅದು ಉಗ್ರ ರೋಗವನ್ನು ತಡೆದದ್ದು ನೂರಕ್ಕೆ ಸುಮಾರು 55ರಷ್ಟು. ಲಸಿಕೆಯ ದೋಷವಿರಬಹುದೆಂದು ಶಂಕಿಸುವವರು ವಿದೇಶೀ ಲಸಿಕೆಯ ಗತಿಯನ್ನೂ ನೋಡಬೇಕು. ಐರೋಪ್ಯ ದೇಶಗಳಲ್ಲಿ ನೂರಕ್ಕೆ 90ರ ಮೇಲೆ ರಕ್ಷಣೆ ಕೊಟ್ಟ ಅದೇ ಸೀಸೆಯ ಔಷಧ ಆಫ್ರಿಕದ ಮಲಾವಿಯಲ್ಲಿ ನೂರಕ್ಕೆ 49 ಮಾತ್ರ ಕೊಟ್ಟಿತು. ಲಸಿಕೆ ಒಂದೇ, ಕರುಳು ಬೇರೆ.

ಈ ಅನುಭವ ಹೊಸದೂ ಅಲ್ಲ. ವೆಲ್ಲೂರಿನ ಟಿ. ಜೇಕಬ್ ಜಾನ್ ಅವರು 1972ರಲ್ಲಿಯೇ, ಬಾಯಿಗೆ ಹಾಕುವ ಪೋಲಿಯೊ ಹನಿಗಳು ಮೂರು ಸಲ ಕೊಟ್ಟರೂ ಇಲ್ಲಿನ ಅನೇಕ ಮಕ್ಕಳಲ್ಲಿ ಪ್ರತಿಕಾಯಗಳನ್ನು ಎಬ್ಬಿಸುತ್ತಿಲ್ಲವೆಂದು ಪ್ರಕಟಿಸಿ ಎಚ್ಚರಿಸಿದ್ದರು. ಪಾಶ್ಚಾತ್ಯ ಪಠ್ಯಪುಸ್ತಕದ ಮೂರು ಹನಿಗಳ ಲೆಕ್ಕವನ್ನೇ ಹಿಡಿದು ಕುಳಿತವರಿಗೆ ಆ ಎಚ್ಚರಿಕೆ ಬಹುಕಾಲ ರುಚಿಸಲಿಲ್ಲ. 2006ರಲ್ಲಿ ಪ್ರಕಟವಾದ ಲೆಕ್ಕದಂತೆ, ಆಗಿನ ಮೂರು ಬಗೆಯ ವೈರಸ್ಸು ಬೆರೆತ ಹನಿ ಪ್ರತಿ ಸಲಕ್ಕೆ ಮೊದಲನೆಯ ಬಗೆಯ ಪೋಲಿಯೊದಿಂದ ಕೊಟ್ಟ ರಕ್ಷಣೆ ಉತ್ತರಪ್ರದೇಶದಲ್ಲಿ ನೂರಕ್ಕೆ 9. ದೇಶದ ಉಳಿದೆಡೆ 21. ಜನದಟ್ಟಣೆ, ಚರಂಡಿಯ ಅವ್ಯವಸ್ಥೆ, ಸದಾ ತುಂಬಿರುವ ಇತರ ಕರುಳ ಸೋಂಕುಗಳು ಇದಕ್ಕೆ ಕಾರಣವೆಂದು ಸಂಶೋಧಕರು ಎಣಿಸಿದರು. ಬೆರೆತ ಹನಿಯೊಳಗೇ ಎರಡನೆಯ ಬಗೆ ಉಳಿದೆರಡನ್ನು ಹಿಂದಕ್ಕೆ ತಳ್ಳುವುದೂ ಉಂಟು. ಆದುದರಿಂದ 2005ರಿಂದ ಒಂದೇ ಬಗೆಯ ಹನಿಯನ್ನೂ 2010ರಿಂದ ಎರಡು ಬಗೆಯ ಹನಿಯನ್ನೂ ಬಳಸಿ, ಒಂದೊಂದು ಕೂಸಿಗೆ ಹತ್ತಕ್ಕೂ ಹೆಚ್ಚು ಸಲ ಹಾಕಿ, ದೇಶ ಗೆದ್ದಿತು. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ಕಂಡದ್ದೇ ಕಾಡುವೈರಸ್ಸಿನ ಕೊನೆಯ ಪೋಲಿಯೊ ಪ್ರಕರಣ. 2014ರ ಮಾರ್ಚ್ 27ರಂದು ಪ್ರಮಾಣಪತ್ರ ದೊರೆಯಿತು. ಭಾನುವಾರಗಳಲ್ಲಿ ಶಾಲೆಯ ಜಗಲಿಯ ಮೇಲೆ ತಣ್ಣನೆಯ ಪೆಟ್ಟಿಗೆ ಇಟ್ಟುಕೊಂಡು ಕುಳಿತು, ಹನಿ ಹಾಕಿಸಿ, ಎಡಗೈ ಕಿರುಬೆರಳಿಗೆ ಮಸಿ ಹಚ್ಚಿದ ಅಸಂಖ್ಯ ಅಧ್ಯಾಪಕರಿಗೆ ಈ ಗೆಲುವಿನಲ್ಲಿ ಪಾಲಿದೆ. ಆದರೆ ಅವರು ಅಷ್ಟು ಭಾನುವಾರಗಳನ್ನು ಕಳೆಯಬೇಕಾಗಿ ಬಂದದ್ದಕ್ಕೆ ಊರಿನ ಚರಂಡಿಯೂ ಒಂದು ಕಾರಣವೆಂಬುದನ್ನು ಯಾವ ಸಮಾರಂಭದಲ್ಲಿಯೂ ಯಾರೂ ಹೇಳಲಿಲ್ಲ.

ಕರುಳು ಹೀಗೆ ಮೊಂಡಾಗುವುದು ಏಕೆ? ಉತ್ತರ ಒಂದೇ ಆಗಿದ್ದರೆ ಪರಿಹಾರವೂ ಸುಲಭವಾಗುತ್ತಿತ್ತು. ಮೊದಲನೆಯದಾಗಿ, ಲಸಿಕೆಯ ಜೀವಂತ ವೈರಸ್ಸು ಕರುಳಿನಲ್ಲಿ ನೆಲೆಯೂರಿದರೆ ಮಾತ್ರ ಪಾಠ ಆಗುತ್ತದೆ. ಅಲ್ಲಿ ಆಗಲೇ ಬೇರೆ ವೈರಸ್ಸು ಕುಳಿತಿದ್ದರೆ ಲಸಿಕೆಗೆ ಮಣೆ ಸಿಗುವುದಿಲ್ಲ. ವೆಲ್ಲೂರಿನ ಸುತ್ತಣ ಏಳುನೂರಕ್ಕೂ ಹೆಚ್ಚು ಕೂಸುಗಳ ಮೇಲೆ ನಡೆದ ಒಂದು ಪರೀಕ್ಷೆ ಈ ವಿಷಯದಲ್ಲಿ ಬಹಳ ಬೋಧಪ್ರದವಾದದ್ದು. ಪೋಲಿಯೊ ಹನಿಗೆ ಮುಂಚೆ ಅರ್ಧದಷ್ಟು ಕೂಸುಗಳಿಗೆ ಮೂರು ದಿನ ಅಜಿತ್ರೊಮೈಸಿನ್ ಕೊಟ್ಟು ಕರುಳಿನ ಬ್ಯಾಕ್ಟೀರಿಯಗಳನ್ನು ತಗ್ಗಿಸಲಾಯಿತು. ಬ್ಯಾಕ್ಟೀರಿಯಗಳು ತಗ್ಗಿದವು, ಲಸಿಕೆಯ ಫಲ ಮಾತ್ರ ಎಳ್ಳಷ್ಟೂ ಹೆಚ್ಚಲಿಲ್ಲ. ಎರಡು ಗುಂಪಿನಲ್ಲಿಯೂ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕೂಸುಗಳಲ್ಲಿ ಮಾತ್ರ ಪ್ರತಿಕಾಯ ಎದ್ದಿತು. ಅದೇ ಕೂಸುಗಳ ಮಲವನ್ನು ಮುಂದೆ ಪರೀಕ್ಷಿಸಿದಾಗ, ಹನಿ ಹಾಕಿದ ಹೊತ್ತಿನಲ್ಲಿ ಇತರ ಎಂಟರೊವೈರಸ್ಸುಗಳನ್ನು ಹೊತ್ತಿದ್ದವುಗಳಲ್ಲಿ ಪ್ರತಿಕಾಯ ಕಡಿಮೆ ಎದ್ದಿತ್ತೆಂದು 2019ರಲ್ಲಿ ವರದಿಯಾಯಿತು. ವೈರಸ್ಸುಗಳನ್ನು ಓಡಿಸುವ ಮಾತ್ರೆ ಯಾವ ಅಂಗಡಿಯಲ್ಲಿಯೂ ಇಲ್ಲ. ಮಗುವಿಗೆ ಭೇದಿಯಾದೊಡನೆ ಆ್ಯಂಟಿಬಯೊಟಿಕ್ ಬರೆಯಿಸಿಕೊಂಡೇ ಹೋಗುವೆವೆಂದು ಹಟ ಹಿಡಿಯುವ ತಂದೆತಾಯಿಗಳು ಇದನ್ನು ಗಮನಿಸಬೇಕು.

ಎರಡನೆಯದು ಹೊಟ್ಟೆಗಿಲ್ಲದಿರುವುದು. ಸ್ಕ್ರಿಮ್‌ಷಾ, ಟೇಲರ್, ಗಾರ್ಡನ್ ಎಂಬ ಮೂವರು ವಿದ್ವಾಂಸರು 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ಗ್ರಂಥದಲ್ಲಿ ಪೋಷಣೆಗೂ ಸೋಂಕಿಗೂ ಇರುವ ಸಂಬಂಧವನ್ನು ವಿವರಿಸಿದರು. ಭೇದಿಯಾದ ಕೂಸು ಉಣ್ಣದು, ಉಂಡದ್ದು ಹತ್ತದು, ಸೊರಗುತ್ತದೆ. ಸೊರಗಿದ ಕೂಸಿನ ರಕ್ಷಣಾ ಶಕ್ತಿ ಕುಗ್ಗಿ ಮತ್ತೆ ಭೇದಿಯಾಗುತ್ತದೆ. ‘ಎ’ ಜೀವಸತ್ವ ಸಾಲದಿದ್ದರೆ ರಕ್ಷಣಾ ಕಣಗಳು ಕರುಳಿನ ದಾರಿ ಹಿಡಿಯುವುದೇ ಕಷ್ಟವಾಗುತ್ತದೆ. ಭೇದಿಯಾದ ಕೂಸಿಗೆ ಉಪ್ಪು ಸಕ್ಕರೆಯ ಜೀವಜಲದೊಂದಿಗೆ 10ರಿಂದ 14 ದಿನ ಜಿಂಕ್ ಮಾತ್ರೆ ಕೊಡಬೇಕೆಂದು 2004ರಿಂದ ಅಂತರರಾಷ್ಟ್ರೀಯ ಸಂಸ್ಥೆಗಳು ಹೇಳುತ್ತ ಬಂದಿರುವುದಕ್ಕೆ ಕಾರಣವೂ ಇಂಥದೇ. ಭೇದಿ ನಿಂತ ಮೂರನೆಯ ದಿನಕ್ಕೆ ಮಾತ್ರೆಯ ಹಾಳೆ ಗೂಡಿನಲ್ಲಿ ಉಳಿದುಬಿಡುವುದು ಸಾಮಾನ್ಯ ದೃಶ್ಯ. ಮೂರನೆಯದಾಗಿ, ಮೇಲುನೋಟಕ್ಕೆ ಯಾವ ರೋಗವೂ ಇಲ್ಲದವರಲ್ಲಿಯೂ ಕುಚ್ಚುಗಳು ಗಿಡ್ಡಾಗಿ ಸವೆದಿರುವುದನ್ನು ವೆಲ್ಲೂರಿನ ಬೇಕರ್, ಮಾಥನ್ ಮುಂತಾದವರು ಅರ್ಧ ಶತಮಾನದ ಹಿಂದೆಯೇ ಗುರುತಿಸಿದ್ದರು. ಸದಾ ಕೆರಳಿರುವ ಕರುಳು ಹೊಸ ಕರೆಗೆ ಓಗೊಡುವುದಿಲ್ಲ.

ತಾಯಿಯ ಹಾಲಿನ ಪ್ರತಿಕಾಯಗಳೇ ಲಸಿಕೆಯನ್ನು ತಡೆಯುತ್ತಿರಬಹುದೆಂಬ ಸಂಶಯವೂ ಒಮ್ಮೆ ಎದ್ದಿತು. ದೆಹಲಿಯಲ್ಲಿಯೂ ಪಾಕಿಸ್ತಾನ, ದಕ್ಷಿಣ ಆಫ್ರಿಕಗಳಲ್ಲಿಯೂ ಲಸಿಕೆಯ ಹಿಂದೆ ಮುಂದೆ ಕೆಲಹೊತ್ತು ಹಾಲು ನಿಲ್ಲಿಸಿ ನೋಡಲಾಯಿತು, ಲಾಭವೇನೂ ಕಾಣಲಿಲ್ಲ. ಈ ಕಾರಣಕ್ಕೆ ಹಾಲು ಬಿಡಿಸುವ ಯೋಚನೆಯನ್ನು ಯಾವ ತಾಯಿಯೂ ಮಾಡಬೇಕಾಗಿಲ್ಲ.

ಪಾಠ ಆಗದಿರುವುದು ಒಂದಾದರೆ ತಪ್ಪು ಪಾಠ ಆಗುವುದು ಇನ್ನೊಂದು. ಅನ್ನದ ಮೇಲೆ ಯುದ್ಧ ಸಾರದಿರುವ ಕರುಳಿನ ಸಹನೆಯನ್ನು ಕೆಲವು ವೈರಸ್ಸುಗಳು ಕೆಡಿಸಬಲ್ಲವೆಂದು 2017ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಲಾಯಿತು. ರಿಯೊವೈರಸ್ ಎಂಬ ನಿರುಪದ್ರವಿ ವೈರಸ್ಸು ತಗುಲಿದ ಸಮಯದಲ್ಲಿ ಗೋಧಿಯ ಅಂಟು ಪದಾರ್ಥ ಹೊಟ್ಟೆ ಸೇರಿದರೆ ಕರುಳು ಅದನ್ನೂ ಶತ್ರುವೆಂದೇ ಬಗೆಯಿತು. ಮಕ್ಕಳಲ್ಲಿ ಗೋಧಿ ಸಹಿಸದ ಸೀಲಿಯಾಕ್ ಕಾಯಿಲೆಗೆ ಮುನ್ನ ಎಂಟರೊವೈರಸ್ ಸೋಂಕು ಹೆಚ್ಚಾಗಿ ಕಂಡದ್ದು ನಾರ್ವೆಯಲ್ಲಿ ದಾಖಲಾಗಿದೆ. ಜೋಳ, ರಾಗಿ ಉಣ್ಣುವ ನಾಡಿಗೆ ಆ ಕಾಯಿಲೆಯ ಭಯ ಉತ್ತರ ಭಾರತದಷ್ಟಿಲ್ಲ. ಎಳೆಯರ ಸಿಹಿಮೂತ್ರ ರೋಗದ ವಿಷಯದಲ್ಲಿಯೂ ದೀರ್ಘಕಾಲ ಉಳಿಯುವ ಎಂಟರೊವೈರಸ್ಸುಗಳ ಮೇಲೆ ಶಂಕೆ ಬಲವಾಗುತ್ತಿದೆ. ಆಸ್ಟ್ರೇಲಿಯದಲ್ಲಿ ರೋಟಾ ಲಸಿಕೆ ಬಂದ ಮೇಲೆ ನಾಲ್ಕು ವರ್ಷದವರೆಗಿನ ಮಕ್ಕಳಲ್ಲಿ ಆ ರೋಗ ಕಡಿಮೆಯಾಯಿತೆಂಬ ವರದಿ ಇದೆ. ಫಿನ್‌ಲೆಂಡಿನಲ್ಲಿ ಹಾಗೆ ಕಾಣಲಿಲ್ಲ. ಈ ವಿಚಾರ ಇನ್ನೂ ತೀರ್ಪಿಗೆ ಬಂದಿಲ್ಲ.

ಇಷ್ಟೆಲ್ಲ ಕೇಳಿದ ಮೇಲೂ ವಿದ್ಯಾವಂತರೊಬ್ಬರು ಎದ್ದು, ಇಂಗ್ಲೆಂಡಿನ ಸ್ಟ್ರಾಚನ್ 1989ರಲ್ಲಿ ಹೇಳಿದ್ದನ್ನು ಉದಾಹರಿಸಬಹುದು: ಅಣ್ಣಅಕ್ಕಂದಿರು ಹೆಚ್ಚಿದ್ದ ಮನೆಯ ಮಕ್ಕಳಲ್ಲಿ ಅಲರ್ಜಿ ಕಡಿಮೆ, ಆದುದರಿಂದ ಅತಿ ಶುಚಿತ್ವವೇ ದೋಷ. ಈ ವಾದವನ್ನು ಮುಂದೆ ತಿದ್ದಿದವರಲ್ಲಿ ಗ್ರಹಾಂ ರೂಕ್ ಪ್ರಮುಖರು. ಮನುಷ್ಯನ ಕರುಳಿಗೆ ಸಹನೆ ಕಲಿಸಿದ್ದು ಮಣ್ಣು, ಹುಲ್ಲು, ದನಕರುಗಳ ಒಡನಾಟದಲ್ಲಿ ಬಂದ ಹಳೆಯ ಗೆಳೆಯರಂಥ ಸೂಕ್ಷ್ಮಜೀವಿಗಳೇ ಹೊರತು, ಜನ ಒತ್ತೊತ್ತಾಗಿ ನೆಲೆಸಿದ ಮೇಲೆ ಹಬ್ಬಿದ ವಾಂತಿಭೇದಿಯ ರೋಗಾಣುಗಳಲ್ಲ ಎಂಬುದು ಅವರ ಅಭಿಪ್ರಾಯ. ಮಣ್ಣು ಬೇರೆ, ಮಲ ಬೇರೆ. ಅಂಗಳದಲ್ಲಿ ಆಡುವ ಕೂಸನ್ನು ಎತ್ತಿ ಒಳಗೆ ಕೂಡಿಹಾಕಬೇಕೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಆ ಅಂಗಳದ ಪಕ್ಕದಲ್ಲಿ ತೆರೆದ ಗಟಾರ ಹರಿಯುತ್ತಿರಬಾರದು, ಅಷ್ಟೆ.

ಹೀಗಿರುವಲ್ಲಿ ಎರಡು ಬಗೆಯ ತಪ್ಪು ತೀರ್ಮಾನಗಳಿಗೆ ಅವಕಾಶವಿದೆ. ನೂರಕ್ಕೆ 55 ಮಾತ್ರ ತಡೆಯುವ ಲಸಿಕೆ ಏತಕ್ಕೆ ಎಂಬುದು ಒಂದು. ಮಲಾವಿಯ ಲೆಕ್ಕವೇ ಇದಕ್ಕೆ ಉತ್ತರ. ದಕ್ಷಿಣ ಆಫ್ರಿಕದಲ್ಲಿ ನೂರಕ್ಕೆ 77 ರಕ್ಷಣೆ ಕೊಟ್ಟ ಲಸಿಕೆ, ವರ್ಷವೊಂದರಲ್ಲಿ ನೂರು ಕೂಸುಗಳಿಗೆ ನಾಲ್ಕರಷ್ಟು ಉಗ್ರ ಪ್ರಕರಣಗಳನ್ನು ತಡೆದರೆ, ಮಲಾವಿಯಲ್ಲಿ 49 ರಕ್ಷಣೆಯೇ ಏಳರ ಹತ್ತಿರ ತಡೆಯಿತು. ಏತಕ್ಕೆಂದರೆ ಅಲ್ಲಿ ರೋಗವೇ ಅಷ್ಟು ಹೆಚ್ಚು. ಬಡ ಊರಿನ ಕೂಸಿಗೆ ಅರೆಬಲದ ಲಸಿಕೆಯೂ ಸಿರಿವಂತ ಊರಿನ ಪೂರ್ಣಬಲದ ಲಸಿಕೆಗಿಂತ ಹೆಚ್ಚು ದೊಡ್ಡ ಉಪಕಾರ. ಇನ್ನೊಂದು ತಪ್ಪು ತೀರ್ಮಾನವೆಂದರೆ ಹನಿ ಹಾಕಿಸಿಯಾಯಿತು, ಇನ್ನು ನಲ್ಲಿ ಗಟಾರಗಳ ಮಾತೇಕೆ ಎಂಬ ನಿಶ್ಚಿಂತೆ. ಸಾರ್ವಜನಿಕ ಹಣವನ್ನು ಹಂಚುವವರಿಗೆ ಈ ನಿಶ್ಚಿಂತೆ ಬಹಳ ಅನುಕೂಲವಾದದ್ದು.

ಜಿಂಬಾಬ್ವೆಯಲ್ಲಿ ಹಳ್ಳಿಯ ಮನೆಗಳಿಗೆ ಪಾಯಖಾನೆ, ಕೈತೊಳೆಯುವ ಏರ್ಪಾಡು, ನೀರಿಗೆ ಕ್ಲೋರಿನ್ ಒದಗಿಸಿ ನೋಡಿದಾಗ ರೋಟಾ ಲಸಿಕೆಗೆ ಪ್ರತಿಕಾಯ ತೋರಿದ ಕೂಸುಗಳ ಪ್ರಮಾಣ ಸ್ವಲ್ಪ ಏರಿತು. ಸ್ವಲ್ಪ ಮಾತ್ರ, ಕೂಸುಗಳ ಬೆಳವಣಿಗೆಯಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಇದರಿಂದ ಶೌಚ ವ್ಯರ್ಥವೆಂದು ಸಾರಿದವರೂ ಇದ್ದಾರೆ. ಆದರೆ ಒಂದು ಗುಂಡಿ, ಒಂದು ಕೊಡ, ಒಂದು ಸಾಬೂನು ಎಂಬ ಅಳತೆಯ ಉಪಾಯಕ್ಕೆ ದೊರೆತ ಫಲ ಅದು. ಐರೋಪ್ಯ ಕೂಸಿನ ಕರುಳನ್ನು ಕಾದದ್ದು ಮನೆಯೊಳಗಿನ ಸಾಬೂನು ಮಾತ್ರವಲ್ಲ. ಇಡೀ ಊರಿನ ನೆಲದಡಿಯ ಚರಂಡಿ ಮತ್ತು ಹಗಲಿರುಳೂ ಶುದ್ಧ ನೀರು ಬರುವ ನಲ್ಲಿ. ಅರ್ಧ ಮಾಡಿದ ಕೆಲಸ ಅರ್ಧವೂ ಫಲಿಸದ ಕ್ಷೇತ್ರ ಇದು.

ಶಾಲೆಗೂ ತೊಟ್ಟಿಲಿಗೂ ಏನು ಸಂಬಂಧ ಎಂದು ಅಧ್ಯಾಪಕರು ಕೇಳಬಹುದು. ದೊಡ್ಡ ಮಕ್ಕಳಲ್ಲಿ ಈ ವೈರಸ್ಸುಗಳು ಅನೇಕ ವೇಳೆ ರೋಗವನ್ನೇ ತೋರದೆ ಉಳಿದು ಮಲದಲ್ಲಿ ಹೊರಬೀಳುತ್ತಿರುತ್ತವೆ. ಭೇದಿಯಾದ ಕೂಸಿನ ಒಂದು ಗ್ರಾಂ ಮಲದಲ್ಲಿ ನೂರು ಕೋಟಿಗೂ ಮೀರಿ ರೋಟಾವೈರಸ್ಸುಗಳಿರಬಲ್ಲವು. ಇನ್ನೊಂದು ಕೂಸಿಗೆ ತಗುಲಲು ನೂರರೊಳಗಿನ ಸಂಖ್ಯೆಯೇ ಸಾಕು. ವಸತಿ ನಿಲಯದ ಹುಡುಗ ದೀಪಾವಳಿಯ ರಜೆಗೆ ಊರಿಗೆ ಹೋದವನು ಚೀಲ ಕೆಳಗಿಡುವ ಮುಂಚೆ ತೊಟ್ಟಿಲಲ್ಲಿರುವ ತಂಗಿಯನ್ನು ಎತ್ತಿಕೊಳ್ಳುತ್ತಾನೆ. ಅವನ ಕೈ ಏನನ್ನು ಹೊತ್ತು ತಂದಿದೆ ಎಂಬುದು ನಿಲಯದ ಶೌಚಾಲಯದಲ್ಲಿ ನೀರು ಬರುತ್ತಿತ್ತೇ, ಅಡುಗೆಮನೆಯ ಹೊರಗಿನ ತೊಟ್ಟಿಯ ಬಳಿ ಸಾಬೂನು ಇತ್ತೇ ಎಂಬುದನ್ನು ಅವಲಂಬಿಸಿದೆ.

ವಿದ್ಯಾಸಂಸ್ಥೆಗಳ ಕೊಠಡಿಗಳ ಬಾಗಿಲ ಮೇಲೆ ದಾನಿಗಳ ಹೆಸರು ಕೆತ್ತಿದ ಕಲ್ಲುಗಳಿರುತ್ತವೆ; ಅವು ಇರಲೇಬೇಕು, ಆ ಕಲ್ಲುಗಳ ಹಿಂದೆ ಬೆವರಿನ ಹಣವಿದೆ. ಆದರೆ ಶೌಚಾಲಯದ ಸಾಲಿಗೆ, ನೀರಿನ ಕೊಳವೆಗೆ, ಕೊಳಚೆ ಗುಂಡಿಗೆ ಹೆಸರಿಡಿಸಿಕೊಳ್ಳಲು ಮುಂದೆ ಬರುವ ದಾನಿಗಳು ವಿರಳ. ಅವುಗಳ ದುರಸ್ತಿ ವಾರ್ಷಿಕ ಲೆಕ್ಕಪತ್ರದಲ್ಲಿ ಸಾದಿಲ್ವಾರು ಖರ್ಚಿನ ಕೆಳಗೆ, ಸುಣ್ಣ, ಪೊರಕೆ, ಬಲ್ಬುಗಳೊಂದಿಗೆ ಒಂದು ಸಾಲಾಗಿ ಉಳಿದುಕೊಂಡಿರುತ್ತದೆ. ಆ ಸಾಲನ್ನು ಸಾದಿಲ್ವಾರಿನಿಂದ ಬಿಡಿಸಿ, ಔಷಧದ ಬಾಬತ್ತಿಗೆ ಸೇರಿಸಿ, ಅದಕ್ಕೆ ತಕ್ಕ ಹಣವನ್ನು ವರ್ಷದ ಆರಂಭದಲ್ಲಿಯೇ ತೆಗೆದಿರಿಸುವುದು ಆಡಳಿತ ಮಂಡಲಿಯ ಒಂದು ಸಭೆಯಲ್ಲಿ ತೀರ್ಮಾನವಾಗಬಹುದಾದ ವಿಷಯ.